ಶಹಾಬಾದ್ ಫರಸಿಯಿಂದ ಎಂಟು ಸ್ವರದ ಕಲ್ಲುವಾದ್ಯ: ಕಲ್ಲಿನ ಆಯ್ಕೆಯಿಂದ ನುಡಿಸುವವರೆಗೆ

ಕಲಬುರಗಿ ಸೀಮೆಯ ಮನೆಗಳಲ್ಲಿ ನೆಲಕ್ಕೂ ಕಟ್ಟೆಗೂ ಹಾಸುವ ಶಹಾಬಾದ್ ಫರಸಿಯಲ್ಲಿ ಒಳ್ಳೆಯ ನಾದವಿದೆ. ಎರಡು ಅಡಿಗೆ ಮೂರು ಅಡಿಯ ಒಂದೇ ಫರಸಿಯಲ್ಲಿ ಎಂಟು ಸ್ವರದ ವಾದ್ಯವಾಗುತ್ತದೆ, ಮೇಲೆ ನಾಲ್ಕು ಪಟ್ಟಿ ಉಳಿಯುತ್ತವೆ. ಬೇಕಾದ ಲೆಕ್ಕ ಹೈಸ್ಕೂಲಿನದು. ಉಪಕರಣಗಳು ಯಾವ ಫರಸಿ ಮಿಸ್ತ್ರಿಯ ಹತ್ತಿರವಾದರೂ ಇರುವಂಥವು. ಈ ಕೆಲಸಕ್ಕೆ ಕೈಹಾಕಿದವರು ಸಾಮಾನ್ಯವಾಗಿ ಎಡವುವುದು ಕಲ್ಲನ್ನು ಎಲ್ಲಿ ಆನಿಸಿ ಕೂರಿಸಬೇಕು ಎಂಬಲ್ಲಿ. ಅದೊಂದು ತಪ್ಪಿದರೆ ಎಂಥ ಒಳ್ಳೆಯ ಕಲ್ಲಾದರೂ ‘ಟಪ್’ ಎಂದು ಅಲ್ಲೇ ಸಾಯುತ್ತದೆ.

ಕಲ್ಲು ಬಾರಿಸುವ ಪದ್ಧತಿ ಬಹಳ ಹಳೆಯದು. ಬಳ್ಳಾರಿ ಹತ್ತಿರದ ಸಂಗನಕಲ್ಲು–ಕುಪ್ಗಲ್ ಗುಡ್ಡದಲ್ಲಿ ನವಶಿಲಾಯುಗದ ಜನ ಬಡಿದು ಗುಳಿ ಬೀಳಿಸಿದ ನಾದಬಂಡೆಗಳು ಈಗಲೂ ಇವೆ. ಚೀನಾದಲ್ಲಿ 1978ರಲ್ಲಿ ಅಗೆದ ಝೆಂಗ್ ರಾಜ್ಯದ ದೊರೆ ಯಿಯ ಸಮಾಧಿಯಲ್ಲಿ 65 ಕಂಚಿನ ಗಂಟೆಗಳ ಜೊತೆಗೆ 32 ಕಲ್ಲುಗಳ ಬಿಯಾನ್‌ಚಿಂಗ್ ಸಿಕ್ಕಿತು. ಆ ಸಮಾಧಿ ಕ್ರಿ.ಪೂ. 5ನೇ ಶತಮಾನದ್ದು. ವಿಯೆಟ್ನಾಮಿನ ಡಾನ್ ದಾ ಎಂಬ ಕಲ್ಲುವಾದ್ಯ ಹೊರಜಗತ್ತಿಗೆ ಗೊತ್ತಾದದ್ದು 1949ರಲ್ಲಿ, ಫ್ರೆಂಚ್ ಮಾನವಶಾಸ್ತ್ರಜ್ಞ ಜಾರ್ಜ್ ಕೊಂಡೊಮಿನಾಸ್ ಅವರ ಕಣ್ಣಿಗೆ ಅಲ್ಲಿನ ಕಲ್ಲಿನ ಪಟ್ಟಿಗಳು ಬಿದ್ದ ಮೇಲೆ. ಇಂಗ್ಲೆಂಡಿನ ಜೋಸೆಫ್ ರಿಚರ್ಡ್‌ಸನ್ ಸ್ಕಿಡ್ಡಾ ಬೆಟ್ಟದ ಕಲ್ಲುಗಳಿಂದ ವರ್ಷಗಟ್ಟಲೆ ದುಡಿದು 1840ರಲ್ಲಿ ಮುಗಿಸಿದ ದೊಡ್ಡ ವಾದ್ಯ ಕೆಸ್ವಿಕ್ ಮ್ಯೂಸಿಯಂನಲ್ಲಿದೆ. ನಮ್ಮ ಕೆಲಸಕ್ಕೆ ನೇರವಾಗಿ ಪಾಠ ಹೇಳುವುದು ಕೊರಿಯಾದ ಪ್ಯೊನ್‌ಗ್ಯಂಗ್. ಅದರ 16 ಕಲ್ಲುಗಳ ಆಕಾರ, ಅಳತೆ ಒಂದೇ, ದಪ್ಪ ಮಾತ್ರ ಬೇರೆ ಬೇರೆ. ದಪ್ಪ ಹೆಚ್ಚಿದಂತೆ ಸ್ವರ ಏರುತ್ತದೆ. ಹಾಗಾಗಿ ನಾವು ಎಂಟೂ ಪಟ್ಟಿಗಳನ್ನು ಒಂದೇ ಫರಸಿಯಿಂದ ಕೊಯ್ದು ದಪ್ಪವನ್ನು ಒಂದೇ ಇಟ್ಟುಕೊಳ್ಳುತ್ತೇವೆ, ಉದ್ದವನ್ನು ಮಾತ್ರ ಬದಲಿಸುತ್ತೇವೆ. ಹೊಸಬರಿಗೆ ಈ ದಾರಿಯೇ ಸುಲಭ.

ಯಾವ ಕಲ್ಲು

ಭೀಮಾ ತೀರದ ಸುಣ್ಣಕಲ್ಲು ಪದರು ಪದರಾಗಿ ಏಳುತ್ತದೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಗಣಿಗಳಿಂದ ಬರುವ ಫರಸಿ ಸ್ವಭಾವದಿಂದಲೇ ಚಪ್ಪಟೆ, ಒತ್ತಾದ ಕಣದ್ದು. ನಾದಕ್ಕೆ ಬೇಕಾದ್ದು ಇದೇ ಗುಣ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ರಂಧ್ರಗಳೇ ಹೆಚ್ಚು, ಅದು ಪೆಟ್ಟನ್ನು ನುಂಗುತ್ತದೆ. ಅದರ ಗೊಡವೆ ಬೇಡ. ಯಾದಗಿರಿ, ಶಹಾಪುರ, ಸುರಪುರ ಕಡೆಯ ಗ್ರಾನೈಟಿನಲ್ಲಿ ನಾದವಿದೆ, ಆದರೆ ಮನೆಯಲ್ಲಿ ತೆಳು ಪಟ್ಟಿಯಾಗಿ ಕೊಯ್ಯಲು ಬಹಳ ಗಟ್ಟಿ. ಆಳಂದ ಕಡೆಯ ಕರಿಕಲ್ಲೂ ಹಾಗೆಯೇ. ಮೊದಲ ವಾದ್ಯಕ್ಕೆ ಫರಸಿಯನ್ನೇ ಹಿಡಿಯಿರಿ.

20ರಿಂದ 25 ಮಿಲಿಮೀಟರ್ ದಪ್ಪದ, ಪಾಲಿಶ್ ಮಾಡದ ಫರಸಿ ಸಾಕು. ಪಾಲಿಶ್ ಬೇಕೆನ್ನುವವರು ಕೊಯ್ಯುವ ಮೊದಲೇ ಮಾಡಿಸಿಕೊಳ್ಳಬೇಕು. ಪಾಲಿಶ್ ಕಲ್ಲನ್ನು ತೆಳುವಾಗಿಸುತ್ತದೆ, ತೆಳುವಾದರೆ ಸ್ವರ ಇಳಿಯುತ್ತದೆ, ಮಾಡಿದ ಶ್ರುತಿ ಹಾಳಾಗುತ್ತದೆ. ದಪ್ಪ ನೂರಕ್ಕೆ ಹತ್ತರಷ್ಟು ಬದಲಾದರೆ ಸ್ವರ ಒಂದೂವರೆ ಅರ್ಧಸ್ವರಕ್ಕಿಂತ ಹೆಚ್ಚು ಸರಿಯುತ್ತದೆ (ಹಾರ್ಮೋನಿಯಂನ ಅಕ್ಕಪಕ್ಕದ ಎರಡು ಮನೆಗಳ ಅಂತರವೇ ಅರ್ಧಸ್ವರ). ಫರಸಿಯ ನಾಲ್ಕೂ ಅಂಚಿನಲ್ಲಿ ದಪ್ಪ ಅಳೆಯಿರಿ. ಎರಡು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬೇರೆಯದನ್ನು ಎತ್ತಿಸಿ.

ಇಂಥ ಫರಸಿ ಸುಮಾರು 37 ಕಿಲೋ ತೂಗುತ್ತದೆ, ಎತ್ತಲು ಇಬ್ಬರು ಬೇಕು. ಅದನ್ನು ಎರಡು ಕಟ್ಟಿಗೆ ತುಂಡಿನ ಮೇಲೆ ಅಂಚಿಗೆ ನಿಲ್ಲಿಸಿ, ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬಡಿದು ನೋಡುವ ಹಾಗೆ ಬೆರಳ ಗೆಣ್ಣಿನಿಂದಲೋ ಕಟ್ಟಿಗೆ ಹಿಡಿಯಿಂದಲೋ ಅಲ್ಲಲ್ಲಿ ತಟ್ಟಿ. ಒಳಗೆ ಪದರು ಬಿಟ್ಟಿದ್ದರೆ ಆ ಜಾಗ ‘ಬದ್’ ಎನ್ನುತ್ತದೆ. ಆಮೇಲೆ ನೀರು ಸುರಿದು ಬಟ್ಟೆಯಿಂದ ಒರೆಸಿ. ಕಲ್ಲು ಒಣಗುತ್ತ ಬಂದಂತೆ ಕೂದಲೆಳೆಯ ಬಿರುಕಿದ್ದಲ್ಲಿ ಕಪ್ಪು ಗೆರೆ ಹಾಗೇ ಉಳಿಯುತ್ತದೆ. ಆ ಗೆರೆ ಕೊಯ್ಯುವ ಪಟ್ಟಿಗೆ ಅಡ್ಡ ಬರುವಂತಿದ್ದರೆ ಅದು ಎಂದೂ ನುಡಿಯದು.

ಗುಡಿ, ಕೋಟೆ, ಗುಮ್ಮಟಗಳ ಕಲ್ಲನ್ನು ಮಾತ್ರ ನಾದ ನೋಡುವ ನೆಪದಲ್ಲಿ ತಟ್ಟಬೇಡಿ. ಹಂಪಿಯ ವಿಠ್ಠಲ ಗುಡಿಯ ನಾದಸ್ತಂಭಗಳನ್ನು ಈಗ ಪ್ರವಾಸಿಗರು ಮುಟ್ಟದಂತೆ ಕಾಯುವುದಕ್ಕೆ ಕಾರಣವಿದೆ. ಕಲ್ಲಿನ ಸವೆತ ಮರಳಿ ತುಂಬುವುದಿಲ್ಲ.

ಕೊಯ್ಯುವುದು

ಸಾಧ್ಯವಿದ್ದರೆ ಪಾಲಿಶ್ ಫ್ಯಾಕ್ಟರಿಯಲ್ಲೇ ಪಟ್ಟಿ ಹೊಡೆಸಿಕೊಳ್ಳಿ. ದೊಡ್ಡ ಯಂತ್ರದ ಕೊಯ್ತ ನೇರ, ಅಂಚು ಚೊಕ್ಕ. ಎರಡು ಅಡಿ ಉದ್ದ, ಎರಡು ಮುಕ್ಕಾಲು ಇಂಚು (70 ಮಿಲಿಮೀಟರ್) ಅಗಲದ ಪಟ್ಟಿ ಎಂದು ಹೇಳಿ. ಬ್ಲೇಡು ತಿನ್ನುವ ಜಾಗ ಕಳೆದರೂ ಮೂರು ಅಡಿಯಲ್ಲಿ ಹನ್ನೆರಡು ಪಟ್ಟಿ ಏಳುತ್ತವೆ. ಅಗಲ ಹೆಚ್ಚು ಮಾಡಬೇಡಿ. ಅಗಲದಿಂದ ಮೂಲಸ್ವರ ಬದಲಾಗದು, ಆದರೆ ಅಗಲವಾದ ಪಟ್ಟಿ ತಿರುಚಿಕೊಂಡೂ ಕಂಪಿಸುತ್ತದೆ, ಆ ಎರಡನೇ ಸದ್ದು ಬಂದು ಸ್ವರವನ್ನು ಕೆಡಿಸುತ್ತದೆ.

ಮನೆಯಲ್ಲೇ ಕೊಯ್ಯುವುದಾದರೆ ನಾಲ್ಕು ಇಂಚಿನ ಮಾರ್ಬಲ್ ಕಟರ್, ಡೈಮಂಡ್ ಬ್ಲೇಡ್ ಬೇಕು. ಫರಸಿಯನ್ನು ಮರಳು ಹಾಸಿನ ಮೇಲೆ ಪೂರ್ತಿ ಕೂರಿಸಿ. ಒಂದೇ ಸಲ ಆರಪಾರ ಇಳಿಸದೆ 8–10 ಮಿಲಿಮೀಟರಿನಂತೆ ಮೂರು ಸಲ ಓಡಿಸಿ. ಕೊನೆಯ ಎರಡು ಇಂಚಿನಲ್ಲಿ ಪಟ್ಟಿ ತನ್ನ ಭಾರಕ್ಕೇ ಜೋತು ಮೂಲೆ ಕಿತ್ತುಕೊಳ್ಳುತ್ತದೆ, ಕೆಳಗೆ ಮರಳು ಒತ್ತಾಗಿದ್ದರೆ ಹಾಗಾಗದು. ನೀರು ಬಿಡುತ್ತ ಕೊಯ್ದರೆ ದೂಳು ಏಳುವುದಿಲ್ಲ. ಆದರೆ ಕರೆಂಟಿನ ಯಂತ್ರಕ್ಕೆ ನೀರು ತಾಗುವ ಕೆಲಸವಾದ್ದರಿಂದ ಶಾಕ್ ತಡೆಯುವ ಬ್ರೇಕರ್ ಇರುವ ಲೈನಿನಲ್ಲೇ ಕೆಲಸ ಮಾಡಿ. ಒಣ ಕೊಯ್ತವಾದರೆ ಎನ್-95 ಮಾಸ್ಕ್, ಕನ್ನಡಕ ತಪ್ಪಿಸಲೇಬೇಡಿ. ಬಾಯಿಗೆ ಕಟ್ಟಿಕೊಂಡ ಟವೆಲ್ಲು ಕಲ್ಲಿನ ನುಣ್ಣನೆ ದೂಳನ್ನು ತಡೆಯುವುದಿಲ್ಲ.

ಕೊಯ್ದ ಪಟ್ಟಿಗಳನ್ನು ಎರಡು ದಿನ ಬಿಸಿಲಿಗಿಟ್ಟು, ನೆರಳಲ್ಲಿ ತಣಿಸಿ. ಹಸಿ ಕಲ್ಲಿನ ಸ್ವರ ಇಳಿದಿರುತ್ತದೆ, ಮಂಕಾಗಿರುತ್ತದೆ. ಅದಕ್ಕೆ ಶ್ರುತಿ ಮಾಡಿದರೆ ಒಣಗಿದ ಮೇಲೆ ಎಲ್ಲವೂ ಏರಿ ಕೂರುತ್ತದೆ.

ಅಲುಗದ ಎರಡು ಗೆರೆಗಳು

ಎರಡೂ ತುದಿ ಬಿಡುವಾಗಿರುವ ಪಟ್ಟಿಯ ನಡುವೆ ಹೊಡೆದಾಗ ನಡುಭಾಗ ಮೇಲೆ ಹೋದರೆ ತುದಿಗಳು ಕೆಳಗಿಳಿಯುತ್ತವೆ, ನಡು ಇಳಿದರೆ ತುದಿ ಏರುತ್ತವೆ. ಈ ಏರಿಳಿತದ ಮಧ್ಯೆ ಎರಡು ಗೆರೆಗಳು ಮಾತ್ರ ಅಲುಗುವುದಿಲ್ಲ. ಅವು ಪ್ರತಿ ತುದಿಯಿಂದ ಉದ್ದದ ನೂರಕ್ಕೆ 22.4ರಷ್ಟು ಒಳಗಿರುತ್ತವೆ. 500 ಮಿಲಿಮೀಟರಿನ ಪಟ್ಟಿಗೆ ತುದಿಯಿಂದ 112 ಮಿಲಿಮೀಟರ್. ಅಲ್ಲಿ ಆನಿಸಿದರೆ ಕಲ್ಲು ತನಗೆ ಆಧಾರವಿದೆ ಎಂಬುದೇ ಗೊತ್ತಿಲ್ಲದಂತೆ ನುಡಿಯುತ್ತದೆ. ನಡುವಿಗೋ ತುದಿಗೋ ಆನಿಸಿದರೆ ಕಂಪನವನ್ನು ಆಧಾರವೇ ಹೀರಿಕೊಳ್ಳುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಪಟ್ಟಿಯನ್ನು ಎರಡು ಮೆತ್ತನೆ ಹಗ್ಗದ ಸುರುಳಿಯ ಮೇಲಿಟ್ಟು, ಮೇಲೆ ತೆಳುವಾಗಿ ರಂಗೋಲಿ ಪುಡಿ ಉದುರಿಸಿ. ಕಟ್ಟಿಗೆ ತುದಿಯಿಂದ ನಟ್ಟನಡುವೆ ಮೆಲ್ಲಗೆ, ಬಿಡದೆ ತಟ್ಟುತ್ತ ಹೋಗಿ. ಪುಡಿ ನಡುವಿನಿಂದ ಕುಣಿಯುತ್ತ ಸರಿಯುತ್ತದೆ, ತುದಿಗಳಿಂದಲೂ ಒಳಕ್ಕೆ ಸರಿಯುತ್ತದೆ. ಸ್ವಲ್ಪ ಹೊತ್ತಿಗೆ ಎರಡು ಅಡ್ಡಗೆರೆಗಳಲ್ಲಿ ಬಂದು ನಿಲ್ಲುತ್ತದೆ. ಆ ಗೆರೆಗಳನ್ನು ಪೆನ್ಸಿಲಿನಿಂದ ಪಕ್ಕಕ್ಕೆ ಗುರುತು ಹಾಕಿ. ಜರ್ಮನಿಯ ಅರ್ನ್‌ಸ್ಟ್ ಕ್ಲಾಡ್ನಿ 1787ರಲ್ಲಿ ಪ್ರಕಟಿಸಿದ ಮರಳಿನ ಪ್ರಯೋಗಗಳ ಹಿಂದಿದ್ದದ್ದೂ ಇದೇ ತತ್ವ. ಪಟ್ಟಿಯ ಒಂದು ಕೊನೆ ದಪ್ಪ, ಇನ್ನೊಂದು ತೆಳುವಾಗಿದ್ದರೆ ಗೆರೆಗಳು ಲೆಕ್ಕದ ಜಾಗದಿಂದ ಸರಿದಿರುತ್ತವೆ. ಆಗ ಲೆಕ್ಕ ಬಿಟ್ಟು ಪುಡಿ ಹೇಳಿದ್ದನ್ನು ನಂಬಿ.

ಉದ್ದದ ಲೆಕ್ಕ

ದಪ್ಪ ಒಂದೇ ಇದ್ದಾಗ ಕಂಪನಸಂಖ್ಯೆ ಉದ್ದದ ವರ್ಗಕ್ಕೆ ವಿಲೋಮ. ಸ್ವರ ಇಮ್ಮಡಿಯಾಗಬೇಕಾದರೆ, ಅಂದರೆ ತಾರ ಷಡ್ಜ ಬೇಕಾದರೆ, ಉದ್ದ ಅರ್ಧವಾಗಬಾರದು, 0.707ರಷ್ಟಾಗಬೇಕು. ತಂತಿವಾದ್ಯದ ಲೆಕ್ಕವನ್ನು ಇಲ್ಲಿಗೆ ತಂದರೆ ಕಲ್ಲು ಹಾಳು.

ಮೊದಲು ಒಂದು ಪಟ್ಟಿಯನ್ನು 500 ಮಿಲಿಮೀಟರಿಗೆ ಕತ್ತರಿಸಿ. ಅಲುಗದ ಗೆರೆಯಲ್ಲಿ ಎರಡು ಬೆರಳಿಂದ ಹಗುರ ಹಿಡಿದು ತೂಗುಬಿಟ್ಟು, ನಟ್ಟನಡುವೆ ಹೊಡೆದು ಮೊಬೈಲಿನ ಟ್ಯೂನರ್ ಆ್ಯಪ್‌ನಲ್ಲಿ ಹರ್ಟ್ಸ್ (ಸೆಕೆಂಡಿಗೆ ಎಷ್ಟು ಕಂಪನ) ನೋಡಿ. ನಡುವೆಯೇ ಹೊಡೆಯಬೇಕು ಎನ್ನುವುದಕ್ಕೆ ಕಾರಣವಿದೆ. ಇಂಥ ಪಟ್ಟಿಯ ಎರಡನೇ ಕಂಪನ ಮೂಲದ 2.76 ಪಟ್ಟು, ಅದು ಯಾವ ಸ್ವರಕ್ಕೂ ಹೊಂದದು. ನಟ್ಟನಡು ಅದಕ್ಕೆ ಅಲುಗದ ಜಾಗವಾದ್ದರಿಂದ ಅಲ್ಲಿ ಹೊಡೆದರೆ ಅದು ಏಳುವುದಿಲ್ಲ. ಆ್ಯಪ್ ವಿಚಿತ್ರ ಅಂಕಿ ತೋರಿಸಿದರೆ ಪೆಟ್ಟು ನಡುವಿಂದ ಜಾರಿದೆ ಎಂದೇ ತಿಳಿಯಿರಿ.

ಒಂದಿಂಚು ದಪ್ಪದ ಫರಸಿಗೆ 500 ಮಿಲಿಮೀಟರಿನಲ್ಲಿ 400ರಿಂದ 500 ಹರ್ಟ್ಸ್ ಆಸುಪಾಸು ನಿರೀಕ್ಷಿಸಬಹುದು. ತೆಳುವಿದ್ದರೆ ಇನ್ನೂ ಕೆಳಗೆ. ಒಬ್ಬರೇ ನುಡಿಸುವುದಾದರೆ ಬಂದದ್ದನ್ನೇ ಷಡ್ಜ ಮಾಡಿಕೊಳ್ಳಿ. ಹಾರ್ಮೋನಿಯಂ ಜೊತೆ ಕೂರಬೇಕಿದ್ದರೆ ಅದರ ಮನೆಗೆ ತನ್ನಿ. ಉದಾಹರಣೆಗೆ ಪಟ್ಟಿ 480 ಹರ್ಟ್ಸ್ ನುಡಿದು ನಿಮಗೆ ಹಾರ್ಮೋನಿಯಂನ ಬಿಳಿ ಒಂದರ (C ಸ್ವರದ) 523 ಬೇಕಿದ್ದರೆ, 480ನ್ನು 523ರಿಂದ ಭಾಗಿಸಿ ವರ್ಗಮೂಲ ತೆಗೆದು 500ರಿಂದ ಗುಣಿಸಿ: 479 ಮಿಲಿಮೀಟರ್. ಅದೇ ನಿಮ್ಮ ಷಡ್ಜದ ಉದ್ದ.

ಭೂಪ ರಾಗದ ಸ್ವರಗಳಿಗೆ, ಷಡ್ಜ 500 ಎಂದುಕೊಂಡಾಗ, ಉದ್ದ ಮತ್ತು ತುದಿಯಿಂದ ಆಧಾರದ ದೂರ ಮಿಲಿಮೀಟರಿನಲ್ಲಿ ಹೀಗೆ:

ಸಾ – 500, ಆಧಾರ 112
ರೇ – 471, ಆಧಾರ 106
ಗ – 447, ಆಧಾರ 100
ಪ – 408, ಆಧಾರ 91
ಧ – 387, ಆಧಾರ 87
ತಾರ ಸಾ – 354, ಆಧಾರ 79
ತಾರ ರೇ – 333, ಆಧಾರ 75
ತಾರ ಗ – 316, ಆಧಾರ 71

ನಿಮ್ಮ ಷಡ್ಜ 479 ಆದರೆ ಪ್ರತಿ ಅಂಕಿಯನ್ನೂ 479ರಿಂದ ಗುಣಿಸಿ 500ರಿಂದ ಭಾಗಿಸಿ. ಪ್ರತಿ ಪಟ್ಟಿಯನ್ನೂ ಲೆಕ್ಕಕ್ಕಿಂತ 4 ಮಿಲಿಮೀಟರ್ ಉದ್ದವಾಗಿಯೇ ಕತ್ತರಿಸಿ. ತೆಗೆಯುವುದು ಸುಲಭ, ಸೇರಿಸಲು ಬರುವುದಿಲ್ಲ.

ಶ್ರುತಿ

500ರ ಪಟ್ಟಿಯಲ್ಲಿ ಒಂದು ಮಿಲಿಮೀಟರ್ ತೆಗೆದರೆ ಸ್ವರ ಸುಮಾರು 7 ಸೆಂಟ್ ಏರುತ್ತದೆ, 354ರ ಪಟ್ಟಿಯಲ್ಲಿ 10 ಸೆಂಟ್. ಒಂದು ಅರ್ಧಸ್ವರಕ್ಕೆ 100 ಸೆಂಟ್. ಗ್ರೈಂಡರಿನಿಂದ ತುದಿಯನ್ನು ಚೂರು ಚೂರೇ ಉಜ್ಜಿ, ಪ್ರತಿ ಸಲವೂ ಒರೆಸಿ, ತಣಿಯಲು ಬಿಟ್ಟು ಅಳೆಯಿರಿ. ಎರಡೂ ತುದಿಯಲ್ಲಿ ಸಮನಾಗಿ ಉಜ್ಜಬೇಕು, ಇಲ್ಲದಿದ್ದರೆ ಗುರುತು ಮಾಡಿದ ಗೆರೆಗಳು ಸರಿಯುತ್ತವೆ.

ಕೈ ಮೀರಿ ಸ್ವರ ಏರಿಹೋದರೆ ಪಟ್ಟಿ ಬಿಸಾಡಬೇಕಿಲ್ಲ. ಬೆನ್ನಿನ ಕಡೆ, ನಡುವಿನ ಮೂರನೇ ಒಂದು ಭಾಗದಲ್ಲಿ ಅಡ್ಡಕ್ಕೆ ತೆಳುವಾಗಿ ಕೆರೆಯಿರಿ. ನಡು ತೆಳುವಾದರೆ ಪಟ್ಟಿಯ ಬಿಗಿ ಕಡಿಮೆಯಾಗಿ ಸ್ವರ ಇಳಿಯುತ್ತದೆ. ಮೂರು ಮಿಲಿಮೀಟರಿಗಿಂತ ಆಳ ಹೋಗಬೇಡಿ, ಫರಸಿ ಪದರಿನ ಕಲ್ಲು, ಒಂದು ಪದರವೇ ಚಕ್ಕೆಯಾಗಿ ಎದ್ದುಬಿಡಬಹುದು. ಉಳಿದ ನಾಲ್ಕು ಪಟ್ಟಿಗಳಲ್ಲಿ ಒಂದನ್ನು ಈ ಅಭ್ಯಾಸಕ್ಕೇ ಮೀಸಲಿಡಿ. ಕೈಗೆ ಕಲ್ಲಿನ ಹದ ಸಿಗುವುದು ಅದರ ಮೇಲೆಯೇ.

ಧೈವತದಲ್ಲಿ ಒಂದು ನಿರ್ಧಾರ ನಿಮ್ಮದು. ಮೇಲಿನ 387 ಮಿಲಿಮೀಟರ್, ಷಡ್ಜದ 5/3ರಷ್ಟು ಕಂಪನಸಂಖ್ಯೆಯ ಧ. ಭೂಪಕ್ಕೆ ಇದು ಚೆನ್ನ. ಆದರೆ ರಿಷಭದಿಂದ ಇದಕ್ಕೆ ಸರಿಯಾದ ಪಂಚಮಭಾವ (ಸಾ–ಪ ನಡುವಿನಷ್ಟು ಅಂತರ) ಇಲ್ಲ, 22 ಸೆಂಟ್ ಕಡಿಮೆ ಬೀಳುತ್ತದೆ. ರೇ–ಧ ಜೋಡಿ ಒಟ್ಟಿಗೆ ನುಡಿಸುವವರು ಧ ಪಟ್ಟಿಯನ್ನು 385ಕ್ಕೆ ತಂದರೆ ಆ ಕೊರತೆ ಹೋಗುತ್ತದೆ, ಬದಲಿಗೆ ಗ–ಧ ಜೋಡಿ ಅಷ್ಟೇ ಕೆಡುತ್ತದೆ. ಎರಡೂ ಒಂದೇ ಕಲ್ಲಿನಲ್ಲಿ ಸಿಗವು.

ಕೂರಿಸುವುದು

ಬೇವಿನದೋ ಸಾಗುವಾನಿಯದೋ ಎರಡು ರೀಪು, 700 ಮಿಲಿಮೀಟರ್ ಉದ್ದ, 50×40 ದಪ್ಪ. ದೊಡ್ಡ ಪಟ್ಟಿಯ ಕಡೆ ರೀಪುಗಳ ನಡುವಿಂದ ನಡುವಿಗೆ 276, ಸಣ್ಣದರ ಕಡೆ 174 ಮಿಲಿಮೀಟರ್ ದೂರವಿಟ್ಟು ಎರಡು ಅಡ್ಡಮರದಿಂದ ಬಿಗಿಯಿರಿ. ಮಧ್ಯದ ಪಟ್ಟಿಗಳಲ್ಲಿ ಆಧಾರ ಮೂರು ನಾಲ್ಕು ಮಿಲಿಮೀಟರ್ ಆಚೀಚೆ ಬರುತ್ತದೆ, ಅಷ್ಟಕ್ಕೆ ನಾದ ಕೆಡುವುದಿಲ್ಲ. ಎಂಟು ಪಟ್ಟಿಗಳೇ ಸುಮಾರು 15 ಕಿಲೋ ಆಗುವುದರಿಂದ ಕಾಲು ಗಟ್ಟಿಯಿರಲಿ. ನೆಲದ ಮೇಲೆ ಕುಳಿತು ನುಡಿಸಲು ಒಂದು ಅಡಿ ಎತ್ತರ ಅನುಕೂಲ.

ರೀಪಿನ ಮೇಲೆ ಉದ್ದಕ್ಕೂ ಬೆರಳು ದಪ್ಪದ ಹತ್ತಿ ಹಗ್ಗ ಹೊಲಿದು ಕೂರಿಸಿ. ಸ್ಪಂಜು ಬೇಡ, ಕಲ್ಲಿನ ಭಾರಕ್ಕೆ ಅದು ಚಪ್ಪಟೆಯಾಗಿ ಕಲ್ಲು ಮರಕ್ಕೆ ತಾಗಿ ಗರ್ ಎನ್ನುತ್ತದೆ. ಪಟ್ಟಿಗಳ ನಡುವೆ 12 ಮಿಲಿಮೀಟರ್ ಸಂದು ಬಿಟ್ಟು, ಪ್ರತಿ ಸಂದಿನಲ್ಲೂ ಎರಡು ಕೊನೆಯಲ್ಲೂ ರೀಪಿಗೆ ಮೊಳೆ ಹೊಡೆಯಿರಿ. ಒಂದು ರೀಪಿಗೆ ಒಂಬತ್ತು, ಒಟ್ಟು ಹದಿನೆಂಟು. ಮೊಳೆಗೆ ಸೈಕಲ್ಲಿನ ವಾಲ್‌ಟ್ಯೂಬ್ ತೊಡಿಸಿ. ಕಲ್ಲಿಗೆ ತೂತು ಕೊರೆದು ದಾರ ಪೋಣಿಸುವ ವಿಧಾನ ಮರದ ಪಟ್ಟಿಗೆ ಸರಿ, ಫರಸಿಯಲ್ಲಿ ಮಾಡಬೇಡಿ. ತೂತಿನಿಂದಲೇ ಬಿರುಕು ಹೊರಡುತ್ತದೆ.

ಸದ್ದು ದೊಡ್ಡದಾಗಬೇಕಿದ್ದರೆ ಪ್ರತಿ ಪಟ್ಟಿಯ ನಡುವಿನ ಕೆಳಗೆ ಒಂದು ಕಡೆ ಮುಚ್ಚಿದ 63 ಮಿಲಿಮೀಟರಿನ ಪಿವಿಸಿ ಪೈಪು ನಿಲ್ಲಿಸಬಹುದು. 87,250ನ್ನು ಪಟ್ಟಿಯ ಹರ್ಟ್ಸಿನಿಂದ ಭಾಗಿಸಿ 17 ಕಳೆದರೆ ಒಳ ಉದ್ದ ಮಿಲಿಮೀಟರಿನಲ್ಲಿ ಬರುತ್ತದೆ. 523 ಹರ್ಟ್ಸಿಗೆ 150. ಪೈಪನ್ನು ಎರಡು ಸೆಂಟಿಮೀಟರ್ ಹೆಚ್ಚಿಗೆ ಕತ್ತರಿಸಿ, ಮುಚ್ಚಳ ಹಾಕಿ, ಪಟ್ಟಿಯ ಕೆಳಗಿಟ್ಟು ಬಾರಿಸುತ್ತ ಒಳಗೆ ಸ್ವಲ್ಪ ಸ್ವಲ್ಪವೇ ನೀರು ಹಾಕಿ. ಒಂದು ಮಟ್ಟಕ್ಕೆ ಬಂದಾಗ ಸದ್ದು ತಟ್ಟನೆ ಅರಳುತ್ತದೆ. ನೀರಿನ ಮೇಲಿನ ಉದ್ದ ಅಳೆದು ಅಷ್ಟಕ್ಕೆ ಪೈಪು ಕತ್ತರಿಸಿ. ಪೈಪಿನೊಳಗಿನ ಗಾಳಿ ಬಿಸಿಲಿಗೆ ಬದಲಾಗುತ್ತದೆ: 15 ಡಿಗ್ರಿಯ ಚಳಿ ಬೆಳಗಿಗೂ 40 ಡಿಗ್ರಿಯ ಬೇಸಿಗೆ ಮಧ್ಯಾಹ್ನಕ್ಕೂ 70 ಸೆಂಟಿನಷ್ಟು ವ್ಯತ್ಯಾಸ. ಕಲ್ಲಿನ ಸ್ವರ ಹೆಚ್ಚುಕಡಿಮೆ ಅಲ್ಲೇ ನಿಲ್ಲುವುದರಿಂದ ಶ್ರುತಿ ಕೆಡದು, ಗಟ್ಟಿತನ ಮಾತ್ರ ಇಳಿಯುತ್ತದೆ. ವಾದ್ಯ ಹೆಚ್ಚಾಗಿ ನುಡಿಯುವ ಹವೆಯಲ್ಲೇ ನೀರಿನ ಪರೀಕ್ಷೆ ಮಾಡಿ.

ಕೋಲು ಮತ್ತು ಕೈ

ಒಂದಡಿಗಿಂತ ತುಸು ಉದ್ದದ ಬಿದಿರು ಕಡ್ಡಿಯ ತುದಿಗೆ 25 ಮಿಲಿಮೀಟರಿನ ಜಾಲಿ ಕಟ್ಟಿಗೆಯ ಗುಂಡು. ಮೆತ್ತನೆ ರಬ್ಬರ್ ಗುಂಡು ದೊಡ್ಡ ಪಟ್ಟಿಗೆ ಇಂಪು, ಸಣ್ಣದನ್ನು ಮಾತ್ರ ಮೂಕ ಮಾಡುತ್ತದೆ. ಕಬ್ಬಿಣ ಕಲ್ಲನ್ನು ಚಕ್ಕೆ ಎಬ್ಬಿಸುತ್ತದೆ. ಕೋಲನ್ನು ಹೆಬ್ಬೆರಳು ತೋರುಬೆರಳ ನಡುವೆ ಸಡಿಲವಾಗಿ ಹಿಡಿದು, ಹೊಡೆದ ಕೂಡಲೇ ಪುಟಿದು ಬರಲು ಬಿಡಿ. ಒತ್ತಿ ಹಿಡಿದರೆ ಕಂಪನಕ್ಕೆ ನೀವೇ ತಡೆ ಹಾಕಿದಂತೆ. ಪೆಟ್ಟು ನಡುವೆ ಬೀಳಬೇಕು, ಹಗ್ಗದ ನೇರಕ್ಕೆ ಬಿದ್ದರೆ ಬರೀ ಕಟಕಟ.

ಕಲ್ಲಿನ ನಾದ ಬೇಗ ಆರುತ್ತದೆ, ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಸಾಧ್ಯವಿಲ್ಲ. ವಿಳಂಬಿತ, ಅಂದರೆ ನಿಧಾನ ಲಯ, ಇದಕ್ಕೆ ಒಗ್ಗದು. ಸ್ವರ ಎಳೆಯಬೇಕಾದಲ್ಲಿ ಎರಡೂ ಕೋಲನ್ನು ಒಂದೇ ಪಟ್ಟಿಯ ಮೇಲೆ ಎಡಬಲವಾಗಿ ಹಗುರ, ಬೇಗ ಆಡಿಸಿ. ಮೊದಲ ವಾರ ಎಡ–ಬಲ ತಪ್ಪದೆ ಸಾರೇ, ರೇಗ, ಗಪ, ಪಧ, ಧಸಾ ಎಂದು ಏರಿ ಇಳಿಯಿರಿ. ಪಟ್ಟಿಗಳ ಉದ್ದ ಬೇರೆ ಬೇರೆ ಇದ್ದರೂ ನಡು ಒಂದೇ ಸಾಲಿನಲ್ಲಿರುವುದರಿಂದ ಕೈ ಬೇಗ ಪಳಗುತ್ತದೆ. ಆಮೇಲೆ ಕೆಹರ್ವಾ ತಾಳದ ಎಂಟು ಮಾತ್ರೆಗೆ ಕೂರಿಸಿ.

ಇದೇ ಎಂಟು ಪಟ್ಟಿಗಳಲ್ಲಿ ಬೇರೆ ರಾಗಗಳೂ ಅಡಗಿವೆ. ಎರಡನೇ ಪಟ್ಟಿಯನ್ನು ಷಡ್ಜ ಮಾಡಿಕೊಂಡು ಏಳನೆಯದರವರೆಗೆ ಹೋದರೆ ಮಧ್ಯಮಾದಿ ಸಾರಂಗದ ಸ್ವರಗಳು. ಇದಕ್ಕೆ ಧ 385 ಇದ್ದರೆ ಒಳ್ಳೆಯದು. ಮೂರನೆಯದರಿಂದ ಎಂಟನೆಯವರೆಗೆ ಪೂರ್ತಿ ಸಪ್ತಕದ ಮಾಲಕಂಸ, ಇದಕ್ಕೆ 387 ಧ ಬೇಕು. ನಾಲ್ಕನೆಯದರಿಂದ ಹೊರಟರೆ ದುರ್ಗಾ, ಆದರೆ ಮೇಲಿನ ಷಡ್ಜ ಸಿಗುವುದಿಲ್ಲ. ಮಿಕ್ಕ ಪಟ್ಟಿಯೊಂದನ್ನು ತಾರ ಪಂಚಮಕ್ಕೆ, ಅಂದರೆ 289 ಮಿಲಿಮೀಟರಿಗೆ ಕತ್ತರಿಸಿ ಸೇರಿಸಿದರೆ ಅದೂ ಪೂರ್ಣ. ಅದಕ್ಕೆ ರೀಪನ್ನು ಮೊದಲೇ ಒಂದು ಗೇಣು ಉದ್ದ ಇಟ್ಟುಕೊಂಡಿರಬೇಕು. ಭಜನಾ ಮೇಳದಲ್ಲಿ ಏಕತಾರಿ, ದಮ್ಮಡಿ ಜೊತೆ ತತ್ವಪದಗಳಿಗೆ ಈ ವಾದ್ಯ ಸೊಗಸಾಗಿ ಹೊಂದುತ್ತದೆ. ಪದದ ನಡುವಿನ ಬಿಡುವಿನಲ್ಲಿ ನುಡಿಸಿ, ಹಾಡಿನ ಮೇಲೆ ಬೇಡ, ಕಲ್ಲಿನ ಚುರುಕು ಪೆಟ್ಟು ಮಾತನ್ನು ಮುಚ್ಚುತ್ತದೆ.

ಚೆನ್ನಾಗಿದ್ದ ಪಟ್ಟಿ ಒಮ್ಮೆಲೇ ಮೂಕವಾದರೆ ಹೀಗೆ ಹುಡುಕಿ: ಪಕ್ಕದ ಪಟ್ಟಿಗೋ ಮೊಳೆಗೋ ಒತ್ತಿದೆಯೇ, ಹಗ್ಗ ಜಗ್ಗಿ ಕಲ್ಲು ಮರಕ್ಕೆ ತಾಗಿದೆಯೇ, ಮಳೆಗಾಲದ ತೇವ ಹಿಡಿದಿದೆಯೇ. ಮೂರೂ ಅಲ್ಲದಿದ್ದರೆ ನೀರು ಒರೆಸಿ ಬಿರುಕು ನೋಡಿ. ಬಿರುಕು ಬಿಟ್ಟದ್ದನ್ನು ಅಂಟು ಹಾಕಿ ಉಳಿಸಲಾಗದು, ಅಂಟು ಕಂಪನವನ್ನು ದಾಟಿಸುವುದಿಲ್ಲ. ಹಾಗಾಗಿ ಮಿಕ್ಕ ಪಟ್ಟಿಗಳ ಬೆನ್ನಿಗೆ ಆ ಫರಸಿಯ ಗುರುತು ಬರೆದು, ಅಡ್ಡ ಮಲಗಿಸದೆ ಅಂಚಿಗೆ ನಿಲ್ಲಿಸಿ ಇಡಿ. ಬೇರೆ ಫರಸಿಯ ತುಂಡು ತಂದರೆ ಉದ್ದದ ಲೆಕ್ಕವನ್ನು ಮೊದಲಿಂದ ಶುರು ಮಾಡಬೇಕಾಗುತ್ತದೆ.